ತೂಕ ತಪ್ಪಿದ ವಿಮಾನ: ಒಂದು ಅಪಘಾತದ ಅಧ್ಯಯನ

ಪೀಠಿಕೆ

ಪಕ್ಷಿಯಂತೆ ಆಕಾಶದಲ್ಲಿ ಹಾರಬೇಕೆಂಬ ಬಯಕೆಯನ್ನು ಮಾನವನು ಅನಾದಿ ಕಾಲದಿಂದಲೂ ಹೊತ್ತು ಬಂದಿದ್ದಾನೆ. ಯಂತ್ರದ ಬಲದಿಂದ ಆ ಬಯಕೆ ಕೈಗೂಡಿದ್ದು 1903ನೆಯ ಇಸವಿಯ ಡಿಸೆಂಬರ್ 17ರಂದು. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾ ಪ್ರಾಂತದಲ್ಲಿ, ಕಿಟ್ಟಿ ಹಾಕ್ ಎಂಬ ಊರಿನ ಸಮೀಪದ ಮರಳುದಿಬ್ಬಗಳ ನಡುವೆ, ರೈಟ್ ಸಹೋದರರ ಯಂತ್ರವು 12 ಸೆಕೆಂಡುಗಳ ಕಾಲ ಗಾಳಿಯಲ್ಲಿದ್ದು 120 ಅಡಿ ದೂರ ಸಾಗಿತು. ಮೇಲೆ ಏಳುವುದಕ್ಕಿಂತಲೂ, ಎದ್ದ ಮೇಲೆ ಮೂಗು ಮೇಲಕ್ಕೂ ಕೆಳಕ್ಕೂ ಜೋಲಿ ಹೊಡೆಯದಂತೆ ಯಂತ್ರವನ್ನು ಸಮತೋಲದಲ್ಲಿ ಇರಿಸಿಕೊಳ್ಳುವುದೇ ಹೆಚ್ಚು ಕಠಿಣವೆಂಬುದು ಆ ಸಹೋದರರಿಗೆ ಮೊದಲ ದಿನವೇ ಅನುಭವವಾಯಿತು.

ಆ ಸಾಧನೆಗೆ ನೂರು ವರ್ಷ ತುಂಬಲಿದ್ದ 2003ರಲ್ಲಿ, ವರ್ಷದ ಎರಡನೆಯ ವಾರದಲ್ಲಿಯೇ, ಅದೇ ಉತ್ತರ ಕೆರೊಲಿನಾ ಪ್ರಾಂತದ ಷಾರ್ಲಟ್ ನಗರದಲ್ಲಿ ಹತ್ತೊಂಬತ್ತು ಆಸನಗಳ ಲಘು ಪ್ರಯಾಣಿಕ ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಸಮತೋಲ ತಪ್ಪಿ ಬಿದ್ದು, ಒಳಗಿದ್ದ 21 ಮಂದಿಯೂ ಮೃತರಾದರು. ಇಂತಹ ದುರಂತಗಳು ಕನ್ನಡ ನಾಡಿಗೆ ಅಪರಿಚಿತವಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಪುಟ್ಟ ವಿಮಾನವೊಂದು ಕ್ಷಣಗಳಲ್ಲಿಯೇ ನೆಲಕ್ಕುರುಳಿ, ಚಿತ್ರನಟಿ ಸೌಂದರ್ಯ ಅವರೂ ಇನ್ನು ಮೂವರೂ ಅಸುನೀಗಿದ್ದನ್ನು ಜನ ಇನ್ನೂ ಮರೆತಿಲ್ಲ. ಒಂದೊಂದು ಅಪಘಾತಕ್ಕೂ ಅದರದೇ ಕಾರಣವಿರುತ್ತದೆ; ಒಂದರ ಕಾರಣವನ್ನು ಮತ್ತೊಂದಕ್ಕೆ ಹಚ್ಚಲಾಗದು. ಷಾರ್ಲಟ್ ಅಪಘಾತವನ್ನು ಇಲ್ಲಿ ಅಧ್ಯಯನಕ್ಕೆ ಆರಿಸಿಕೊಂಡಿರುವುದಕ್ಕೆ ಕಾರಣವೆಂದರೆ, ಅದರ ತನಿಖೆ ಆಮೂಲಾಗ್ರವಾಗಿ ನಡೆದಿದೆ; ಮತ್ತು ಅದು ಹೊರಗೆಡಹಿದ ದೋಷಗಳು ವಿಮಾನಶಾಸ್ತ್ರಕ್ಕೆ ಮಾತ್ರ ಸೀಮಿತವಾದವುಗಳಲ್ಲ.

ಅಪಘಾತದ ಸ್ವರೂಪ

2003ರ ಜನವರಿ 8, ಬುಧವಾರ. ಏರ್ ಮಿಡ್‌ವೆಸ್ಟ್ ಎಂಬ ವಿಮಾನ ಸಂಸ್ಥೆಯು ಯು.ಎಸ್. ಏರ್‌ವೇಸ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ 5481ನೆಯ ಸಂಖ್ಯೆಯ ಸೇವೆಯು ಷಾರ್ಲಟ್ ನಗರದಿಂದ ನೆರೆಯ ದಕ್ಷಿಣ ಕೆರೊಲಿನಾ ಪ್ರಾಂತದ ಗ್ರೀನ್‌ವಿಲ್-ಸ್ಪಾರ್ಟನ್‌ಬರ್ಗ್ ನಿಲ್ದಾಣಕ್ಕೆ ಹೊರಟಿತ್ತು. ಅಲ್ಪ ದೂರದ ಪಯಣ. ವಿಮಾನ ಬೀಚ್‌ಕ್ರಾಫ್ಟ್ 1900ಡಿ ಎಂಬ ಮಾದರಿಯದು. ಎರಡು ಟರ್ಬೊಪ್ರಾಪ್ ಎಂಜಿನುಗಳುಳ್ಳ ಈ ವಿಮಾನವು ಸಣ್ಣ ಊರುಗಳನ್ನು ದೊಡ್ಡ ನಿಲ್ದಾಣಗಳಿಗೆ ಜೋಡಿಸುವ ಕೆಲಸಕ್ಕೆ ಹೆಸರಾದದ್ದು. ಹತ್ತೊಂಬತ್ತಕ್ಕಿಂತ ಹೆಚ್ಚು ಆಸನಗಳಿದ್ದರೆ ಪರಿಚಾರಕರೊಬ್ಬರು ಇರಲೇಬೇಕೆಂಬುದು ಅಲ್ಲಿಯ ನಿಯಮ. ಈ ಮಾದರಿಯಲ್ಲಿ ಆಸನಗಳು ಹತ್ತೊಂಬತ್ತೇ ಆದುದರಿಂದ ಸಿಬ್ಬಂದಿಯೆಂದರೆ ಇಬ್ಬರು ಚಾಲಕರು ಮಾತ್ರ. ಅಂದು ಎಲ್ಲ ಆಸನಗಳೂ ತುಂಬಿದ್ದವು. ಹಿಂಭಾಗದ ಸರಕುಕೋಣೆಯಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿದ್ದವು.

ಬೆಳಗಿನ 8 ಗಂಟೆ 47 ನಿಮಿಷದ ಹೊತ್ತಿಗೆ ವಿಮಾನ ಓಡುಹಾದಿಯಿಂದ ಮೇಲೆದ್ದಿತು. ಎದ್ದೊಡನೆಯೇ ಅದರ ಮೂಗು ಬೇಕಾದುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಸೆಳೆಯತೊಡಗಿತು. ಚಾಲಕರಿಬ್ಬರೂ ನಿಯಂತ್ರಣ ದಂಡವನ್ನು ಮುಂದಕ್ಕೆ ಒತ್ತಿದರು. ಮೂಗು ಇಳಿಯಲಿಲ್ಲ. ಅದು ನೆಲಮಟ್ಟಕ್ಕೆ 54 ಡಿಗ್ರಿ ಕೋನದವರೆಗೂ ಏರಿತು. ಕಪ್ತಾನರಾಗಿದ್ದ ತರುಣಿ ರೇಡಿಯೊ ಮೂಲಕ ತುರ್ತುಸ್ಥಿತಿಯನ್ನು ನಿಯಂತ್ರಣ ಗೋಪುರಕ್ಕೆ ತಿಳಿಸಿದರು. ವೇಗವನ್ನು ಕಳೆದುಕೊಂಡ ವಿಮಾನವು ಹೊರಳಿ, ನಿಲ್ದಾಣದ ಆವರಣದಲ್ಲಿಯೇ ಇದ್ದ ದುರಸ್ತಿಶಾಲೆಯೊಂದಕ್ಕೆ ಅಪ್ಪಳಿಸಿ ಉರಿದುಹೋಯಿತು. ಮೇಲೆದ್ದುದಕ್ಕೂ ಬಿದ್ದುದಕ್ಕೂ ನಡುವೆ ಅರ್ಧ ನಿಮಿಷಕ್ಕಿಂತ ಹೆಚ್ಚು ಅಂತರವಿರಲಿಲ್ಲವೆಂದೇ ಹೇಳಬಹುದು. ನೆಲದ ಮೇಲಿದ್ದ ಒಬ್ಬರಿಗೆ ಮಾತ್ರ ಅಲ್ಪ ಗಾಯಗಳಾದವು.

ಹವಾಮಾನ ಚೆನ್ನಾಗಿಯೇ ಇತ್ತು. ಎಂಜಿನುಗಳು ಕೆಲಸ ಮಾಡುತ್ತಿದ್ದವು. ಚಾಲಕರು ಅರ್ಹತೆ ಪಡೆದವರೇ ಆಗಿದ್ದರು. ಹಾಗಾದರೆ ವಿಮಾನ ಬಿದ್ದುದೇಕೆ?

ವಿಮಾನದ ಸಮತೋಲ

ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಮೊದಲು ಗುರುತ್ವ ಕೇಂದ್ರದ ತತ್ತ್ವವನ್ನು ನೆನಪಿಗೆ ತಂದುಕೊಳ್ಳಬೇಕು. ಇದನ್ನು ಗಾಡಿ ಹೊಡೆಯುವ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಎತ್ತಿನ ಗಾಡಿಗೆ ಚೀಲಗಳನ್ನು ಹೇರುವಾಗ ಆತನು ಭಾರ ಎಷ್ಟೆಂಬುದರ ಜೊತೆಗೆ ಭಾರ ಎಲ್ಲಿದೆಯೆಂಬುದನ್ನೂ ನೋಡುತ್ತಾನೆ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು, ನೊಗದ ಕಣ್ಣಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಅಚ್ಚಿನ ಮುಂದೆ ಭಾರ ಹೆಚ್ಚಾದರೆ ನೊಗವು ಹೆಗಲಿನ ಮೇಲೆ ಕೂತು ಎತ್ತು ಕುಸಿಯುತ್ತದೆ. ಅದೇ ಹತ್ತು ಚೀಲಗಳನ್ನು ಹದವರಿತು ಹೇರಿದರೆ ಗಾಡಿ ಸರಾಗವಾಗಿ ಸಾಗುತ್ತದೆ. ಚೀಲವು ಅಚ್ಚಿನಿಂದ ದೂರವಾದಷ್ಟೂ ಅದರ ಪ್ರಭಾವ ಹೆಚ್ಚು. ತೂಕವನ್ನು ದೂರದಿಂದ ಗುಣಿಸಿದಾಗ ಬರುವ ಮೊತ್ತವೇ ಇಲ್ಲಿ ಮುಖ್ಯ. ಇದು ಸನ್ನೆಕೋಲಿನ ನಿಯಮ. ಪ್ರೌಢಶಾಲೆಯ ಭೌತಶಾಸ್ತ್ರದ ಆರಂಭದ ಪಾಠ.

ವಿಮಾನಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅಲ್ಲಿ ಅಚ್ಚೂ ಇಲ್ಲ, ಹೆಗಲು ಕೊಡುವ ಎತ್ತೂ ಇಲ್ಲ. ರೆಕ್ಕೆಗಳ ಮೇಲೆ ಗಾಳಿ ಉಂಟುಮಾಡುವ ಎತ್ತುಬಲ ಒಂದೆಡೆ, ವಿಮಾನದ ಒಟ್ಟು ಭಾರ ಕೇಂದ್ರೀಕೃತವಾದಂತೆ ತೋರುವ ಗುರುತ್ವ ಕೇಂದ್ರ ಒಂದೆಡೆ. ಇವುಗಳ ಅಂತರವನ್ನು ನಿರ್ಮಾಪಕರು ಲೆಕ್ಕ ಹಾಕಿ, ಗುರುತ್ವ ಕೇಂದ್ರವು ಇಷ್ಟಕ್ಕಿಂತ ಮುಂದೆ ಬರಬಾರದು, ಇಷ್ಟಕ್ಕಿಂತ ಹಿಂದೆ ಸರಿಯಬಾರದು ಎಂದು ಎರಡು ಗಡಿಗಳನ್ನು ಗೊತ್ತುಪಡಿಸಿರುತ್ತಾರೆ. ಗಡಿಗಳೊಳಗಿನ ಹೆಚ್ಚುಕಡಮೆಯನ್ನು ಸರಿದೂಗಿಸುವ ಹೊಣೆ ಬಾಲದಲ್ಲಿರುವ ಒಂದು ಫಲಕದ್ದು. ಅದಕ್ಕೆ ಎಲಿವೇಟರ್ ಎಂದು ಹೆಸರು. ಚಾಲಕನು ದಂಡವನ್ನು ಹಿಂದಕ್ಕೆ ಎಳೆದರೆ ಫಲಕವು ಮೇಲಕ್ಕೆ ತಿರುಗಿ, ಬಾಲವು ಕೆಳಗೊತ್ತಲ್ಪಟ್ಟು ಮೂಗು ಏಳುತ್ತದೆ. ಮುಂದಕ್ಕೆ ಒತ್ತಿದರೆ ಫಲಕವು ಕೆಳಕ್ಕೆ ತಿರುಗಿ, ಬಾಲವೆದ್ದು ಮೂಗು ಬಾಗುತ್ತದೆ.

ಬಾಲದ ಭಾರ ಹೆಚ್ಚಾದರೆ ಮೂಗು ತಾನಾಗಿಯೇ ಏಳಬಯಸುತ್ತದೆ. ಮೂಗು ಅತಿಯಾಗಿ ಏರಿದಾಗ ರೆಕ್ಕೆಯ ಮೇಲ್ಮೈಯನ್ನು ಅನುಸರಿಸಿ ಹರಿಯಬೇಕಾದ ಗಾಳಿ ಅದನ್ನು ಬಿಟ್ಟು ಚೆದರುತ್ತದೆ. ಎತ್ತುಬಲ ಒಮ್ಮೆಗೇ ಕುಸಿಯುತ್ತದೆ. ಈ ಸ್ಥಿತಿಯನ್ನು ಸ್ಟಾಲ್ ಎನ್ನುತ್ತಾರೆ. ಸಾಕಷ್ಟು ಎತ್ತರದಲ್ಲಿದ್ದರೆ ಮೂಗನ್ನು ತಗ್ಗಿಸಿ, ಇಳಿಯುತ್ತ ವೇಗವನ್ನು ಗಳಿಸಿ, ಮತ್ತೆ ಸಮಸ್ಥಿತಿಗೆ ಬರಬಹುದು. ಆದರೆ ನೆಲ ಬಿಟ್ಟ ಮೊದಲ ನಿಮಿಷದಲ್ಲಿ ವಿಮಾನಕ್ಕೆ ವೇಗವೂ ಕಡಮೆ, ಎತ್ತರವೂ ಕಡಮೆ. ಇಂಧನದ ಭಾರ ಮಾತ್ರ ಪೂರ್ಣ. ತಿದ್ದಿಕೊಳ್ಳಲು ಅವಕಾಶವೇ ಇಲ್ಲದ ಹೊತ್ತು ಅದು. ಆದ್ದರಿಂದ ಆ ಒಂದು ನಿಮಿಷಕ್ಕೆ ಬೇಕಾದ ಎಲ್ಲ ಎಚ್ಚರವನ್ನೂ ನೆಲದ ಮೇಲಿರುವಾಗಲೇ ವಹಿಸಬೇಕಾಗುತ್ತದೆ. ಷಾರ್ಲಟ್‌ನಲ್ಲಿ ತಪ್ಪಿದ್ದು ಈ ಎಚ್ಚರ. ಅದೂ ಎರಡು ಬೇರೆ ಬೇರೆ ಕಡೆಗಳಲ್ಲಿ.

ಮೊದಲನೆಯ ದೋಷ: ತಂತಿಯ ಬಿಗಿತ

ಚಾಲಕನ ಕೈಯಲ್ಲಿರುವ ದಂಡಕ್ಕೂ ಬಾಲದಲ್ಲಿರುವ ಎಲಿವೇಟರಿಗೂ ಈ ಮಾದರಿಯ ವಿಮಾನದಲ್ಲಿ ಉಕ್ಕಿನ ತಂತಿಗಳ ಮೂಲಕ ಸಂಬಂಧ. ಒಂದು ತಂತಿ ಫಲಕವನ್ನು ಮೇಲಕ್ಕೂ ಇನ್ನೊಂದು ಕೆಳಕ್ಕೂ ಸೆಳೆಯುತ್ತದೆ. ಬಳಕೆಯಿಂದ ಸಡಿಲವಾಗುವ ಈ ತಂತಿಗಳ ಬಿಗಿತವನ್ನು ಗೊತ್ತಾದ ಅವಧಿಗೊಮ್ಮೆ ಉಪಕರಣದಿಂದ ಅಳೆದು ಸರಿಪಡಿಸಬೇಕು. ಸರಿಪಡಿಸಲು ತಂತಿಯ ನಡುವೆ ಟರ್ನ್‌ಬಕಲ್ ಎಂಬ ತಿರುಪು ಇರುತ್ತದೆ. ವಿದ್ಯುತ್ ಕಂಬಗಳನ್ನು ನೆಲಕ್ಕೆ ಬಿಗಿದಿರುವ ತಂತಿಗಳಲ್ಲಿ ಈ ಬಗೆಯ ಬಿಗಿತಿರುಪನ್ನು ಎಲ್ಲರೂ ಕಂಡಿದ್ದಾರೆ. ಅದನ್ನು ತಿರುಗಿಸಿದರೆ ತಂತಿ ಗಿಡ್ಡವಾಗಿ ಬಿಗಿಯುತ್ತದೆ, ಇಲ್ಲವೆ ಉದ್ದವಾಗಿ ಸಡಿಲುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಎರಡು ತಂತಿಗಳನ್ನೂ ಸಮನಾಗಿ ತಿರುಗಿಸಿದರೆ ಬಿಗಿತ ಮಾತ್ರ ಬದಲಾಗುತ್ತದೆ. ಒಂದನ್ನು ಹೆಚ್ಚಾಗಿಯೂ ಇನ್ನೊಂದನ್ನು ಕಡಮೆಯಾಗಿಯೂ ತಿರುಗಿಸಿದರೆ, ಬಿಗಿತವು ಸರಿಯಾದಂತೆ ಕಂಡರೂ ಫಲಕದ ಚಲನೆಯೇ ಒಂದು ಕಡೆಗೆ ಸರಿದುಬಿಡುತ್ತದೆ. ಬಿಗಿತವನ್ನು ಅಳೆಯುವ ಉಪಕರಣ ಸರಿಯಾದ ಅಂಕಿಯನ್ನೇ ತೋರಿಸುತ್ತಿರುತ್ತದೆ. ದೋಷವಿರುವುದು ಆ ಉಪಕರಣ ಅಳೆಯದೇ ಇರುವ ಇನ್ನೊಂದು ಕಡೆ.

ಅಪಘಾತಕ್ಕೆ ಎರಡು ದಿನ ಮುಂಚೆ, ಜನವರಿ 6ರ ರಾತ್ರಿ, ಪಶ್ಚಿಮ ವರ್ಜೀನಿಯಾದ ಹಂಟಿಂಗ್‌ಟನ್‌ನಲ್ಲಿದ್ದ ದುರಸ್ತಿ ಕೇಂದ್ರದಲ್ಲಿ ಈ ವಿಮಾನದ ನಿಯತ ತಪಾಸಣೆ ನಡೆಯಿತು. ವಿಮಾನ ಸಂಸ್ಥೆಯು ದುರಸ್ತಿಯನ್ನು ಬೇರೊಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿತ್ತು. ಆ ಸಂಸ್ಥೆ ಕೆಲಸಗಾರರನ್ನು ಮತ್ತೊಂದು ಸಂಸ್ಥೆಯಿಂದ ಪಡೆದಿತ್ತು. ಎಲಿವೇಟರ್ ತಂತಿಯ ಬಿಗಿತ ಕಡಮೆಯೆಂದು ಕಂಡುಬಂದಾಗ, ಅದನ್ನು ಸರಿಪಡಿಸಲು ನೇಮಕಗೊಂಡ ತಂತ್ರಜ್ಞನಿಗೆ ಈ ಮಾದರಿಯ ವಿಮಾನದಲ್ಲಿ ಆ ಕೆಲಸ ಮೊದಲ ಸಲದ್ದು. ಗುಣಮಟ್ಟದ ತಪಾಸಕನಾಗಿದ್ದವನೇ ಆತನಿಗೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿಯನ್ನು ಕೊಡುತ್ತಿದ್ದನು.

ನಿರ್ಮಾಪಕರ ಕೈಪಿಡಿಯಲ್ಲಿ ಎಲಿವೇಟರನ್ನು ಹೊಂದಿಸುವ ಕ್ರಮವನ್ನು ಹಂತ ಹಂತವಾಗಿ ಕೊಡಲಾಗಿತ್ತು. ತಂತಿಯ ಬಿಗಿತವೊಂದನ್ನೇ ಸರಿಪಡಿಸುವುದಕ್ಕೆ ಪ್ರತ್ಯೇಕ ವಿಧಿ ಅದರಲ್ಲಿರಲಿಲ್ಲ. ತಮ್ಮ ಕೆಲಸ ಬಿಗಿತವನ್ನು ಸರಿಪಡಿಸುವುದಷ್ಟೇ ಎಂದು ಭಾವಿಸಿ, ತಂತ್ರಜ್ಞನೂ ತಪಾಸಕನೂ ಹಲವು ಹಂತಗಳು ಅನಾವಶ್ಯಕವೆಂದು ಬಗೆದು ಬಿಟ್ಟುಬಿಟ್ಟರು. ಹಾಗೆ ಬಿಟ್ಟ ಹಂತಗಳಲ್ಲಿಯೇ, ಫಲಕವು ಎರಡೂ ಕಡೆಗೆ ಪೂರ್ಣವಾಗಿ ಚಲಿಸುತ್ತಿದೆಯೇ ಎಂಬುದನ್ನು ಬಯಲು ಮಾಡಬಲ್ಲ ಪರೀಕ್ಷೆಯೂ ಇತ್ತು. ಪರಿಣಾಮವಾಗಿ, ಮೂಗನ್ನು ತಗ್ಗಿಸುವ ದಿಕ್ಕಿನಲ್ಲಿ ಫಲಕದ ಚಲನೆ ಸುಮಾರು 7 ಡಿಗ್ರಿಗೆ ಸೀಮಿತವಾಯಿತು. ನಿರ್ಮಾಪಕರು ನಿಗದಿ ಮಾಡಿದ್ದರ ಅರ್ಧದಷ್ಟು ಮಾತ್ರ ಅದು. ಕಾಗದದ ಮೇಲೆ ಕೆಲಸ ಪೂರ್ಣವಾಯಿತು. ಕಲಿಸಿದವನೇ ಪರೀಕ್ಷಿಸಿ ಸಹಿ ಮಾಡಿದನು. ವಿಮಾನ ಸೇವೆಗೆ ಮರಳಿತು.

ಎರಡನೆಯ ದೋಷ: ಸರಾಸರಿಯೆಂಬ ಮಾಯೆ

ಪ್ರತಿ ಹಾರಾಟಕ್ಕೆ ಮುಂಚೆ ಚಾಲಕರು ತೂಕದ ಪತ್ರವೊಂದನ್ನು ಸಿದ್ಧಪಡಿಸಬೇಕು. ಅದರಲ್ಲಿ ಇಂಧನ, ಪ್ರಯಾಣಿಕರು, ಸಾಮಾನು ಇವುಗಳ ಭಾರವನ್ನೂ ಗುರುತ್ವ ಕೇಂದ್ರದ ಸ್ಥಾನವನ್ನೂ ತೋರಿಸಬೇಕು. ಆದರೆ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ತಕ್ಕಡಿಯ ಮೇಲೆ ನಿಲ್ಲಿಸುವ ಪದ್ಧತಿಯಿರಲಿಲ್ಲ. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತದ ಮಾರ್ಗದರ್ಶಿಯು ವಯಸ್ಕ ಪ್ರಯಾಣಿಕನ ಸರಾಸರಿ ತೂಕವನ್ನು ಕೈಸಾಮಾನು ಸೇರಿ ಬೇಸಗೆಯಲ್ಲಿ 180 ಪೌಂಡು, ಚಳಿಗಾಲದಲ್ಲಿ 185 ಪೌಂಡು ಎಂದು ಗೊತ್ತುಪಡಿಸಿತ್ತು. ಸರಕಿಗೆ ಹಾಕುವ ಪೆಟ್ಟಿಗೆಯೊಂದಕ್ಕೆ 25 ಪೌಂಡು. ಒಂದು ಪೌಂಡು ಎಂದರೆ 454 ಗ್ರಾಮಿನಷ್ಟು.

ಇಂತಹ ಅಂದಾಜುಗಳಿಂದ ಲೆಕ್ಕ ಹಾಕಿದಾಗ ಅಂದಿನ ವಿಮಾನದ ಒಟ್ಟು ತೂಕ 17,018 ಪೌಂಡು ಎಂದು ಬಂದಿತು. ಹಾರಲು ಅನುಮತಿಯಿದ್ದ ಗರಿಷ್ಠ ತೂಕ 17,120 ಪೌಂಡು. ಮಿತಿಯೊಳಗೆ ಇದೆ, ಆದರೆ ಉಳಿದ ಅಂತರ 102 ಪೌಂಡು ಮಾತ್ರ. ಈ 102ನ್ನು ಹತ್ತೊಂಬತ್ತು ಮಂದಿಗೆ ಹಂಚಿದರೆ ತಲೆಗೆ ಐದೂವರೆ ಪೌಂಡಿಗಿಂತಲೂ ಕಡಮೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಕಿಲೊಗ್ರಾಮು ಕೂಡ ಇಲ್ಲ. ಅಂದಾಜು ಒಬ್ಬೊಬ್ಬ ಪ್ರಯಾಣಿಕನಲ್ಲಿ ಅಷ್ಟು ತಪ್ಪಿದರೂ ವಿಮಾನ ಮಿತಿಯನ್ನು ಮೀರುತ್ತಿತ್ತು.

ಅಂದಾಜು ಅದಕ್ಕಿಂತ ಬಹಳ ಹೆಚ್ಚಾಗಿಯೇ ತಪ್ಪಿತ್ತು. ದಶಕಗಳ ಅವಧಿಯಲ್ಲಿ ಅಮೆರಿಕದ ಜನರ ದೇಹತೂಕ ಏರುತ್ತ ಬಂದಿತ್ತು. ಪುಸ್ತಕದಲ್ಲಿದ್ದ ಅಂಕಿಗಳು ಆ ಏರಿಕೆಯನ್ನು ಹಿಂಬಾಲಿಸಿರಲಿಲ್ಲ. ಅಪಘಾತದ ಬಳಿಕ ಆಡಳಿತವು ಸಣ್ಣ ವಿಮಾನಗಳ ಸಂಸ್ಥೆಗಳಿಂದ ಪ್ರಯಾಣಿಕರ ತೂಕವನ್ನು ನಿಜವಾಗಿ ಅಳೆಯಿಸಿದಾಗ, ಸರಾಸರಿಯು ಸಂಸ್ಥೆಗಳು ಎಣಿಸಿದ್ದಕ್ಕಿಂತ ಸುಮಾರು 20 ಪೌಂಡು ಹೆಚ್ಚೆಂದು ಕಂಡಿತು. ತಲೆಗೆ 20ರಂತೆ ಹತ್ತೊಂಬತ್ತು ಮಂದಿಗೆ 380 ಪೌಂಡು. ಪೆಟ್ಟಿಗೆಗಳ ತೂಕವೂ ಅಂದಾಜಿಗಿಂತ ಹೆಚ್ಚಿತ್ತು. ಅವು ಇದ್ದುದು ವಿಮಾನದ ಹಿಂಭಾಗದಲ್ಲಿ. ತನಿಖೆಗಾರರು ಮೃತರ ಹಾಗೂ ಸಾಮಾನುಗಳ ನಿಜವಾದ ತೂಕವನ್ನು ಸಾಧ್ಯವಿದ್ದಷ್ಟು ನಿಖರವಾಗಿ ಕಂಡುಕೊಂಡು ಮರುಲೆಕ್ಕ ಹಾಕಿದಾಗ, ವಿಮಾನವು ಮಿತಿಮೀರಿ ಭಾರವಾಗಿತ್ತಷ್ಟೇ ಅಲ್ಲ, ಅದರ ಗುರುತ್ವ ಕೇಂದ್ರವು ಹಿಂಗಡಿಯನ್ನು ಬಹಳವಾಗಿ ದಾಟಿತ್ತೆಂಬುದು ತಿಳಿಯಿತು. ಗಾಡಿಯ ಮೂಕಿ ಮೇಲೇಳಲು ಸಿದ್ಧವಾಗಿತ್ತು. ಅದನ್ನು ಒತ್ತಿಹಿಡಿಯಬೇಕಾದ ಫಲಕದ ಬಲ ಅರ್ಧಕ್ಕೆ ಇಳಿದಿತ್ತು.

ಗಣಿತದ ಅಧ್ಯಾಪಕರು ಇಲ್ಲಿ ಎರಡು ಬಗೆಯ ದೋಷಗಳನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಬಹುದು. ಒಂದು, ಆಕಸ್ಮಿಕ ದೋಷ. ಒಬ್ಬನು ಸರಾಸರಿಗಿಂತ ಭಾರ, ಇನ್ನೊಬ್ಬನು ಹಗುರ. ನಾನೂರು ಮಂದಿ ಕುಳಿತ ಜಂಬೋ ವಿಮಾನದಲ್ಲಿ ಈ ಹೆಚ್ಚುಕಡಮೆಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಹತ್ತೊಂಬತ್ತು ಮಂದಿಯಲ್ಲಿ ಹಾಗೆ ಅಳಿಸಿಹೋಗುವುದಕ್ಕೆ ಅವಕಾಶ ಕಡಮೆ; ಹತ್ತು ಮಂದಿ ಪೈಲ್ವಾನರು ಒಂದೇ ದಿನ ಹತ್ತಿದರೆ ಸರಾಸರಿ ಏನನ್ನೂ ಹೇಳಲಾರದು. ಎರಡನೆಯದು, ಸ್ಥಿರ ದೋಷ. ಅಳತೆಗೋಲೇ ತಪ್ಪಾಗಿದ್ದರೆ, ಎಷ್ಟು ಜನರನ್ನು ಕೂಡಿದರೂ ತಪ್ಪು ಅಳಿಯುವುದಿಲ್ಲ, ಬೆಳೆಯುತ್ತದೆ. ಷಾರ್ಲಟ್‌ನಲ್ಲಿ ಎರಡೂ ಇದ್ದವು. ಪರೀಕ್ಷೆಯಲ್ಲಿ ತರಗತಿಯ ಸರಾಸರಿ ಅಂಕ ಅರುವತ್ತೆಂದು ಹಿಗ್ಗುವ ಶಾಲೆಯು ಇಪ್ಪತ್ತು ಅಂಕ ಪಡೆದ ಮಗುವನ್ನು ಕಾಣದೆ ಹೋಗುವುದುಂಟು. ಸರಾಸರಿಯು ಸಮೂಹವನ್ನು ಕುರಿತು ಸತ್ಯವನ್ನು ಹೇಳುತ್ತದೆ. ಎದುರಿಗಿರುವ ವ್ಯಕ್ತಿಯನ್ನು ಕುರಿತು ಅದು ಮೌನಿ.

ಒಂಬತ್ತು ಹಾರಾಟಗಳ ಸಾಕ್ಷ್ಯ

ಈ ಅಪಘಾತದ ಅತ್ಯಂತ ಚಿಂತನೀಯವಾದ ಅಂಶ ಮುಂದಿನದು. ಹಂಟಿಂಗ್‌ಟನ್‌ನ ದುರಸ್ತಿಗೂ ಷಾರ್ಲಟ್‌ನ ದುರಂತಕ್ಕೂ ನಡುವೆ ಈ ವಿಮಾನವು ಒಂಬತ್ತು ಸಲ ಹಾರಿತ್ತು. ಒಂಬತ್ತು ಸಲವೂ ಕ್ಷೇಮವಾಗಿ ಇಳಿದಿತ್ತು. ಎಲಿವೇಟರಿನ ದೋಷ ಆ ಎಲ್ಲ ಹಾರಾಟಗಳಲ್ಲಿಯೂ ಇತ್ತು. ದತ್ತಾಂಶ ದಾಖಲೆ ಯಂತ್ರವನ್ನು ಅನಂತರ ತೆರೆದಾಗ, ದುರಸ್ತಿಯಾದ ರಾತ್ರಿಯಿಂದಲೇ ಅದರ ಗುರುತು ಕಾಣಿಸಿತು. ಆದರೆ ಆ ಹಾರಾಟಗಳಲ್ಲಿ ಪ್ರಯಾಣಿಕರೂ ಸಾಮಾನೂ ಕಡಮೆಯಿದ್ದು, ಬಾಲದ ಭಾರ ಮಿತಿಯಲ್ಲಿತ್ತು. ಉಳಿದಿದ್ದ ಅರ್ಧ ಚಲನೆಯೇ ಸಾಕಾಗಿತ್ತು.

ಹಾಗೆಯೇ ಹಳೆಯ ಸರಾಸರಿಗಳನ್ನು ನಂಬಿ ಅಸಂಖ್ಯ ಸಣ್ಣ ವಿಮಾನಗಳು ವರ್ಷಗಟ್ಟಲೆ ಹಾರಿದ್ದವು. ಎಲಿವೇಟರುಗಳು ಸರಿಯಾಗಿದ್ದುದರಿಂದ ಅವು ಬೀಳಲಿಲ್ಲ. ಎರಡು ದೋಷಗಳೂ ಬೇರೆ ಬೇರೆಯಾಗಿದ್ದಾಗ ಒಂದನ್ನೊಂದು ಮರೆಮಾಡಿಕೊಂಡಿದ್ದವು. ಅವೆರಡೂ ಒಂದೇ ವಿಮಾನದಲ್ಲಿ, ಒಂದೇ ಬೆಳಗ್ಗೆ ಕೂಡಿದಾಗ ಮಾತ್ರ ಪ್ರಕಟವಾದವು. ತಪಾಸಣೆಯಿಲ್ಲದ ಕೆಲಸವು ಒಂಬತ್ತು ಸಲ ಸಫಲವಾದರೆ, ಅದರಿಂದ ಕೆಲಸ ಸರಿಯಿದೆಯೆಂದು ಸಿದ್ಧವಾಗುವುದಿಲ್ಲ. ಅದಿನ್ನೂ ಪರೀಕ್ಷೆಗೆ ಒಳಗಾಗಿಲ್ಲವೆಂದಷ್ಟೇ ಅರ್ಥ.

ತನಿಖೆ ಮತ್ತು ಸುಧಾರಣೆಗಳು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 1967ರಲ್ಲಿ ಸ್ಥಾಪಿತವಾದ ಸಂಸ್ಥೆ. ಅದು ನಿಯಮ ಮಾಡುವ ಇಲಾಖೆಯ ಅಧೀನದಲ್ಲಿಲ್ಲ. ದಂಡಿಸುವ ಅಧಿಕಾರವೂ ಅದಕ್ಕಿಲ್ಲ. ಕಾರಣವನ್ನು ಶೋಧಿಸಿ ಶಿಫಾರಸು ಮಾಡುವುದಷ್ಟೇ ಅದರ ಕರ್ತವ್ಯ. ಷಾರ್ಲಟ್ ಅಪಘಾತವನ್ನು ಕುರಿತ ಅದರ ವರದಿ 2004ರಲ್ಲಿ ಸಿದ್ಧವಾಯಿತು. ಎಲಿವೇಟರನ್ನು ತಪ್ಪಾಗಿ ಹೊಂದಿಸಿದ್ದು ಹಾಗೂ ಗುರುತ್ವ ಕೇಂದ್ರವು ಹಿಂಗಡಿಯನ್ನು ಮೀರಿದ್ದು, ಇವೆರಡೂ ಸೇರಿ ಮೂಗಿನ ಏರಿಳಿತದ ನಿಯಂತ್ರಣ ಕೈತಪ್ಪಿತೆಂಬುದು ಅದರ ನಿರ್ಣಯ.

ಮಂಡಳಿಯು ಅಷ್ಟಕ್ಕೆ ನಿಲ್ಲಲಿಲ್ಲ. ತಿರುಪನ್ನು ತಿರುಗಿಸಿದ ಕೈಯೊಂದನ್ನೇ ತೋರಿಸಿ ವರದಿಯನ್ನು ಮುಗಿಸುವುದು ಸುಲಭವಾಗಿತ್ತು. ಅದರ ಬದಲು ಅದು ಹೊಣೆಯ ಎಳೆಯನ್ನು ಹಿಡಿದು ಮೇಲಕ್ಕೆ ಸಾಗಿತು. ದೋಷವನ್ನು ಕಂಡುಹಿಡಿಯದ ತಪಾಸಕ, ಗುತ್ತಿಗೆ ಕೊಟ್ಟ ಕೆಲಸದ ಮೇಲೆ ಕಣ್ಣಿಡದ ವಿಮಾನ ಸಂಸ್ಥೆ, ಆ ಸಂಸ್ಥೆಯ ದುರಸ್ತಿ ವಿಧಾನ ಹಾಗೂ ತೂಕದ ಲೆಕ್ಕದ ಕ್ರಮ, ಹಳತಾದ ಸರಾಸರಿಗಳನ್ನು ಉಳಿಸಿಕೊಂಡಿದ್ದ ಸರಕಾರದ ಆಡಳಿತ, ಅದರ ಮೇಲ್ವಿಚಾರಣೆಯ ಕೊರತೆ, ಇವೆಲ್ಲವನ್ನೂ ಪೋಷಕ ಕಾರಣಗಳೆಂದು ಹೆಸರಿಸಿತು.

ಶಿಫಾರಸುಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹ. ವಿಮಾನದ ಪ್ರಾಣಪ್ರಾಯವಾದ ನಿಯಂತ್ರಣ ಭಾಗಗಳ ಮೇಲೆ ಕೆಲಸ ನಡೆದಾಗಲೆಲ್ಲ, ಸೇವೆಗೆ ಬಿಡುವ ಮುನ್ನ ಅವು ಪೂರ್ಣ ಚಲನೆಯನ್ನು ಪಡೆದಿವೆಯೇ ಎಂದು ಪ್ರತ್ಯಕ್ಷವಾಗಿ ನಡೆಸಿ ನೋಡಬೇಕೆಂಬುದು ಒಂದು. ಒಂದು ಕೆಲಸವನ್ನು ಕಲಿಸಿಕೊಟ್ಟವನೇ ಅದೇ ಕೆಲಸದ ತಪಾಸಕನಾಗಿ ಸಹಿ ಮಾಡಬಾರದೆಂಬುದು ಇನ್ನೊಂದು. ಕಲಿಸಿದವನು ತಾನು ಹೇಳಿದ್ದು ಸರಿಯೆಂದೇ ನಂಬಿರುತ್ತಾನೆ. ತಾನು ಬಿಡಲು ಹೇಳಿದ ಹಂತವನ್ನು ತಾನೇ ಹುಡುಕಲಾರನು. ಇದು ಅಪ್ರಾಮಾಣಿಕತೆಯಲ್ಲ, ಮನುಷ್ಯನ ಕಣ್ಣಿನ ಸಹಜವಾದ ಮಿತಿ. ಆದುದರಿಂದಲೇ ಎರಡನೆಯ ಕಣ್ಣು ಬೇಕು.

ತೂಕದ ಲೆಕ್ಕದಲ್ಲಿಯೂ ತಿದ್ದುಪಡಿಯಾಯಿತು. 2003ರಲ್ಲಿಯೇ ಆಡಳಿತವು ಪ್ರಯಾಣಿಕನ ಸರಾಸರಿಯನ್ನು 10 ಪೌಂಡು, ಪೆಟ್ಟಿಗೆಯದನ್ನು 5 ಪೌಂಡು ಏರಿಸಿತು. ಚಳಿಗಾಲದ ಪ್ರಯಾಣಿಕನ ತೂಕ 195 ಪೌಂಡಾಯಿತು. 2019ರಲ್ಲಿ ಮಾರ್ಗದರ್ಶಿಯನ್ನು ಮತ್ತೆ ಪರಿಷ್ಕರಿಸಿ, ಎಂದೋ ಬರೆದಿಟ್ಟ ಅಂಕಿಯ ಬದಲು ಹೊಸ ಸಮೀಕ್ಷೆಗಳನ್ನೂ ದೇಶದ ಆರೋಗ್ಯ ಅಂಕಿಅಂಶಗಳನ್ನೂ ಆಧಾರವಾಗಿ ಇಟ್ಟುಕೊಳ್ಳುವ ಕ್ರಮವನ್ನು ತರಲಾಯಿತು. ಇಂದು ಸಣ್ಣ ವಿಮಾನವನ್ನು ಹತ್ತುವಾಗ ಪ್ರಯಾಣಿಕನ ತೂಕವನ್ನು ಕೇಳಿದರೆ, ಅಥವಾ ಆತನನ್ನು ಇನ್ನೊಂದು ಆಸನಕ್ಕೆ ಸರಿಯಲು ಹೇಳಿದರೆ, ಅದನ್ನು ಅಗೌರವವೆಂದು ಭಾವಿಸಬೇಕಾಗಿಲ್ಲ.

ಹೊಣೆಯ ಒಪ್ಪಿಗೆ

ಅಪಘಾತಗಳ ಇತಿಹಾಸದಲ್ಲಿ ವಿರಳವಾದ ಸಂಗತಿಯೊಂದು ಈ ಪ್ರಕರಣದಲ್ಲಿ ನಡೆಯಿತು. ತಾರುಣ್ಯಕ್ಕೆ ಕಾಲಿಟ್ಟಿದ್ದ ಮಗಳನ್ನು ಕಳೆದುಕೊಂಡ ಕುಟುಂಬವೊಂದು ನಷ್ಟಪರಿಹಾರದ ಹಣದಿಂದಷ್ಟೇ ಸಮಾಧಾನಗೊಳ್ಳಲಿಲ್ಲ. ತಪ್ಪು ನಡೆದಿದೆಯೆಂದು ಸಂಬಂಧಪಟ್ಟವರು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆಂದು ಅದು ಪಟ್ಟುಹಿಡಿಯಿತು. 2005ರಲ್ಲಿ ಷಾರ್ಲಟ್ ನಗರದಲ್ಲಿ, ಮೃತರ ಬಂಧುಗಳ ಸಮಕ್ಷಮದಲ್ಲಿ, ವಿಮಾನ ಸಂಸ್ಥೆಯ ಅಧ್ಯಕ್ಷರು ತಮ್ಮವರ ಲೋಪಗಳನ್ನು ಒಪ್ಪಿಕೊಂಡು ಕ್ಷಮೆ ಕೋರಿದರು. ವ್ಯಾಜ್ಯದ ಭಯದಿಂದ ಸಂಸ್ಥೆಗಳು ಮೌನ ವಹಿಸುವುದೇ ರೂಢಿಯಾಗಿರುವಾಗ ಇದು ಸಾಮಾನ್ಯ ನಡೆಯಲ್ಲ. ಆ ವಿಮಾನ ಸಂಸ್ಥೆ 2008ರಲ್ಲಿ ತನ್ನ ಕಾರ್ಯವನ್ನು ನಿಲ್ಲಿಸಿತು.

ಕ್ಷಮಾಯಾಚನೆಯಿಂದ ಹೋದ ಜೀವ ಮರಳುವುದಿಲ್ಲ. ಆದರೆ ಆ ಕುಟುಂಬದ ಬೇಡಿಕೆಯಲ್ಲಿ ಗಂಭೀರವಾದ ವಿವೇಕವಿತ್ತು. ಹಣವು ನಷ್ಟಕ್ಕೆ ಬೆಲೆ ಕಟ್ಟುತ್ತದೆ. ತಪ್ಪಿಗೆ ಹೆಸರು ಕೊಡುವುದಿಲ್ಲ. ಹೆಸರಿಲ್ಲದ ತಪ್ಪನ್ನು ಯಾರೂ ತಿದ್ದಿಕೊಳ್ಳಲಾರರು.

ಶಿಕ್ಷಣಕ್ಕೆ ಇದರ ಸಂಬಂಧ

ವಿಮಾನವನ್ನು ದುರಸ್ತಿ ಮಾಡುವವರೂ ನಡೆಸುವವರೂ ನಿಯಮ ರೂಪಿಸುವವರೂ ಒಂದು ಕಾಲಕ್ಕೆ ಶಾಲೆಯ ಬೆಂಚಿನ ಮೇಲೆ ಕುಳಿತವರೇ. ಪ್ರಯೋಗಶಾಲೆಯಲ್ಲಿ ಬರಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ, ತೂಗದೆಯೇ ಅಂಕಿಯನ್ನು ಬರೆದು ದಾಖಲೆ ಪುಸ್ತಕ ತುಂಬುವ ವಿದ್ಯಾರ್ಥಿಯುಂಟು. ಹಾಗೆ ತುಂಬಿದ ಪುಟಕ್ಕೆ ನೋಡದೆಯೇ ಸಹಿ ಹಾಕುವ ಅಧ್ಯಾಪಕನೂ ಉಂಟು. ಇಬ್ಬರಿಗೂ ಆ ದಿನ ಏನೂ ಕೇಡಾಗುವುದಿಲ್ಲ. ಉತ್ತರವೂ ಬಹುಶಃ ಸರಿಯಾಗಿಯೇ ಇರುತ್ತದೆ. ಆದರೆ ಅಳೆಯುವುದಕ್ಕೂ ಊಹಿಸುವುದಕ್ಕೂ ವ್ಯತ್ಯಾಸವಿಲ್ಲವೆಂಬ ಒಂದು ಪಾಠವನ್ನು ವಿದ್ಯಾರ್ಥಿ ಅಂದು ಕಲಿತಿರುತ್ತಾನೆ. ಪಠ್ಯಕ್ರಮದಲ್ಲಿಲ್ಲದ ಆ ಪಾಠ ಜೀವಮಾನವಿಡೀ ನಿಲ್ಲುತ್ತದೆ.

ಹಾಗೆಯೇ ಯಾವುದೇ ಸಾರ್ವಜನಿಕ ಸಂಸ್ಥೆಯಲ್ಲಿ ಲೆಕ್ಕ ಬರೆದವರೇ ಲೆಕ್ಕ ಪರಿಶೋಧಿಸುವುದಿಲ್ಲ. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆ ಕಲಿಸಿದ ಗುರುವಿನ ಬಳಿಗೆ ಬರುವುದಿಲ್ಲ. ಇದು ಲೆಕ್ಕಿಗರ ಮೇಲೆ, ಗುರುಗಳ ಮೇಲೆ ಅಪನಂಬಿಕೆಯಿಂದ ಮಾಡಿದ ವ್ಯವಸ್ಥೆಯಲ್ಲ. ದಾನಿಯ ಹಣವೂ ಮಗುವಿನ ಭವಿಷ್ಯವೂ ಒಬ್ಬರ ಕಣ್ಣಳತೆಗೆ ಬಿಡಲಾಗದಷ್ಟು ಬೆಲೆಯುಳ್ಳವು ಎಂಬ ಗೌರವದಿಂದ ಮಾಡಿದ್ದು. ಹಂಟಿಂಗ್‌ಟನ್‌ನ ದುರಸ್ತಿಶಾಲೆಯಲ್ಲಿ ಆ ರಾತ್ರಿ ಇದ್ದವರು ದುಷ್ಟರಲ್ಲ. ಕೆಲಸ ಬಲ್ಲೆವೆಂದು ನಂಬಿದವರು. ಬಿಟ್ಟದ್ದು ಕೆಲವು ಹಂತಗಳನ್ನು ಮಾತ್ರ. ಅವುಗಳನ್ನು ಪೂರೈಸಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು, ಅಷ್ಟೇ.

ಕೈಪಿಡಿಯಲ್ಲಿರುವ ಪ್ರತಿಯೊಂದು ಹಂತವನ್ನೂ ಹಿಂದೆ ಯಾರೋ ಒಬ್ಬರು ಕಾರಣವಿದ್ದೇ ಬರೆದಿರುತ್ತಾರೆ. ಆ ಕಾರಣ ತಿಳಿಯದಿದ್ದಾಗ ಹಂತವನ್ನು ಬಿಡುವುದಕ್ಕಿಂತ, ಕಾರಣವನ್ನು ಕೇಳಿ ತಿಳಿಯುವುದು ವಿದ್ಯೆಯ ಲಕ್ಷಣ. ಹಾಗೆ ಕೇಳುವ ವಿದ್ಯಾರ್ಥಿಯನ್ನು ಗದರಿಸದೆ ಉತ್ತರಿಸುವುದು, ಉತ್ತರ ತಿಳಿಯದಿದ್ದರೆ ಅವನೊಡನೆ ಕೂಡಿ ಹುಡುಕುವುದು, ತೂಗಬೇಕಾದುದನ್ನು ತೂಗಿಯೇ ಬರೆಯಿಸುವುದು, ನೋಡಿದ ಮೇಲೆಯೇ ಸಹಿ ಮಾಡುವುದು, ಇವು ಪ್ರತಿದಿನ ಪ್ರತಿ ತರಗತಿಯಲ್ಲಿಯೂ ಆಗಬೇಕಾದ ಕೆಲಸಗಳು. ಅವುಗಳ ಫಲ ಪರೀಕ್ಷೆಯ ಫಲಿತಾಂಶ ಪಟ್ಟಿಯಲ್ಲಿ ಕಾಣದಿರಬಹುದು. ಎಂದೋ ಒಂದು ದಿನ, ಎಲ್ಲೋ ಒಂದು ವಿಮಾನವು ಸುಖವಾಗಿ ಇಳಿದು, ಪ್ರಯಾಣಿಕರು ತಮ್ಮ ಚೀಲಗಳನ್ನು ಎತ್ತಿಕೊಂಡು ಮನೆಗಳಿಗೆ ನಡೆದಾಗ, ಆ ಫಲ ಯಾರ ಗಮನಕ್ಕೂ ಬಾರದೆ ಅಲ್ಲಿ ಇರುತ್ತದೆ.